ಟಿಎಸ್‌ಎಚ್ ನಾರ್ಮಲ್ ಅಂದರು, ಹೆಂಡತಿಯ ಸುಸ್ತು ಹೋಗಿಲ್ಲ. ಮುಂದೆ ಯಾವ ಪರೀಕ್ಷೆ ಮಾಡಿಸಬೇಕು?

ಸಕಲೇಶಪುರದಿಂದ ಕೇಳಿದ್ದೀರಿ: ಹೆರಿಗೆಯಲ್ಲಿ ತುಂಬಾ ರಕ್ತ ಹೋಗಿತ್ತು, ಎದೆಹಾಲು ಬರಲೇ ಇಲ್ಲ, ಎರಡು ವರ್ಷವಾದರೂ ಮುಟ್ಟಾಗಿಲ್ಲ, ಸದಾ ಸುಸ್ತು, ಚಳಿ. ಟಿಎಸ್‌ಎಚ್ 2.1 ಇದೆಯೆಂದು ಥೈರಾಯ್ಡ್ ಸರಿಯಿದೆ ಅಂದರು.

ಆ ಒಂದೇ ಅಂಕಿ ಸಾಲದು. ಟಿಎಸ್‌ಎಚ್ ಎಂದರೆ ಥೈರಾಯ್ಡ್‌ಗೆ ಕೆಲಸ ಮಾಡೆನ್ನುವ ಹಾರ್ಮೋನ್. ಅದು ಬರುವುದು ಥೈರಾಯ್ಡ್‌ನಿಂದಲ್ಲ, ಮೆದುಳಿನ ಬುಡದಲ್ಲಿರುವ ಪಿಟ್ಯುಟರಿಯಿಂದ. ಥೈರಾಯ್ಡ್ ಸೋತರೆ ಟಿಎಸ್‌ಎಚ್ ಏರುತ್ತದೆ. ಪಿಟ್ಯುಟರಿಯೇ ಸೋತರೆ ಏರಿಸುವವರು ಯಾರು? ರಿಪೋರ್ಟಿನಲ್ಲಿ ನಾರ್ಮಲ್ ಎಂದೇ ಬಂದೀತು. ಫ್ರೀ ಟಿ4, ಅಂದರೆ ರಕ್ತದಲ್ಲಿರುವ ಥೈರಾಯ್ಡ್ ಹಾರ್ಮೋನ್, ನೋಡದೆ ಇದು ಗೊತ್ತಾಗುವುದಿಲ್ಲ. ನೀವು ಬರೆದದ್ದನ್ನು ಓದಿದರೆ ನನಗೆ ಮೊದಲು ಬರುವ ಅನುಮಾನ ಶೀಹನ್ ಸಿಂಡ್ರೋಮ್. ಬಸಿರಿನಲ್ಲಿ ಪಿಟ್ಯುಟರಿ ದಪ್ಪಗಾಗಿರುತ್ತದೆ, ರಕ್ತ ಹೋಗಿ ಬಿಪಿ ಕುಸಿದಾಗ ಅದರ ಒಂದು ಭಾಗ ಸತ್ತುಹೋಗುತ್ತದೆ.

ಫ್ರೀ ಟಿ4, ಟಿಎಸ್‌ಎಚ್, ಕಾರ್ಟಿಸಾಲ್ (ಒತ್ತಡ ತಡೆಯಲು ಬೇಕಾದ ಹಾರ್ಮೋನ್), ಪ್ರೊಲ್ಯಾಕ್ಟಿನ್ (ಎದೆಹಾಲಿನದು), ಎಲ್‌ಎಚ್, ಎಫ್‌ಎಸ್‌ಎಚ್ (ಮುಟ್ಟಿನವು), ಸೋಡಿಯಂ ಒಟ್ಟಿಗೇ ಮಾಡಿಸಿ. ಕಾರ್ಟಿಸಾಲ್‌ಗೆ ಬೆಳಿಗ್ಗೆ 8ರ ಸುಮಾರಿಗೆ ರಕ್ತ ಕೊಡಬೇಕು, ಮಧ್ಯಾಹ್ನ ಕೊಟ್ಟರೆ ದುಡ್ಡು ದಂಡ. ಹಾಸನಕ್ಕೆ ನಸುಕಿನ ಬಸ್ಸಿಗೇ ಹೊರಡಿ. ಬೆಳಗಿನ ಕಾರ್ಟಿಸಾಲ್ (µg/dL ಲೆಕ್ಕದಲ್ಲಿ) 3ಕ್ಕಿಂತ ಕಡಿಮೆಯಿದ್ದರೆ ಕೊರತೆ ಬಹುತೇಕ ಖಚಿತ, 18 ದಾಟಿದರೆ ಚಿಂತೆಯಿಲ್ಲ. ನಡುವೆ ಬಂದರೆ ಇಂಜೆಕ್ಷನ್ ಕೊಟ್ಟು ಮತ್ತೆ ಅಳೆಯುತ್ತಾರೆ. ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಎರಡು ದಿನ ಮೊದಲೇ ನಿಲ್ಲಿಸಿ, ಅದು ಹಾರ್ಮೋನ್ ಅಂಕಿಗಳನ್ನೇ ತಪ್ಪು ತೋರಿಸಬಲ್ಲದು. ಮಂಡಿನೋವಿಗೋ ಉಬ್ಬಸಕ್ಕೋ ಸ್ಟಿರಾಯ್ಡ್ ತೆಗೆದುಕೊಂಡಿದ್ದರೆ ಡಾಕ್ಟರಿಗೆ ಹೇಳಿ. ಮುಚ್ಚಿಟ್ಟರೆ ಕಾರ್ಟಿಸಾಲ್ ಲೆಕ್ಕವೇ ತಪ್ಪುತ್ತದೆ.

ಫ್ರೀ ಟಿ4 ಕಡಿಮೆ ಬಂತೆಂದು ತಕ್ಷಣ ಥೈರಾಕ್ಸಿನ್ (ಥೈರಾಯ್ಡ್ ಹಾರ್ಮೋನ್ ಮಾತ್ರೆ) ಶುರುಮಾಡಬೇಡಿ. ಕಾರ್ಟಿಸಾಲ್ ಕೊರತೆಯೂ ಇದ್ದು ಬರೀ ಥೈರಾಕ್ಸಿನ್ ಕೊಟ್ಟರೆ, ಇದ್ದಬದ್ದ ಕಾರ್ಟಿಸಾಲ್ ಬೇಗ ಖರ್ಚಾಗಿ ಜೀವಕ್ಕೇ ಅಪಾಯ. ಮೊದಲು ಹೈಡ್ರೊಕಾರ್ಟಿಸೋನ್ (ಕಾರ್ಟಿಸಾಲ್ ಕೊರತೆ ತುಂಬುವ ಔಷಧ), ಆಮೇಲೆ ಥೈರಾಕ್ಸಿನ್. ಬಿಡದ ವಾಂತಿ, ಬಿಪಿ ಇಳಿಕೆ, ಮಂಪರು ಕಂಡರೆ ರಿಪೋರ್ಟಿಗೆ ಕಾಯದೆ ಅವತ್ತೇ ತುರ್ತು ಚಿಕಿತ್ಸೆಗೆ ಹೋಗಿ.

ರಿಪೋರ್ಟ್ ಬಂದ ಮೇಲೆ ಎಂಡೋಕ್ರೈನಾಲಜಿಸ್ಟ್ (ಹಾರ್ಮೋನ್ ತಜ್ಞರು) ಬೇಕು. ಹಾಸನದಲ್ಲಿ ಸಿಗದಿದ್ದರೆ ಮೈಸೂರು ಬೆಂಗಳೂರಿಗಿಂತ ಹತ್ತಿರ. ಹೆರಿಗೆಯ ಡಿಸ್ಚಾರ್ಜ್ ಚೀಟಿ, ಎಷ್ಟು ಬಾಟಲಿ ರಕ್ತ ಕೊಟ್ಟರೆಂಬ ದಾಖಲೆ ಜೊತೆಗಿರಲಿ. ಸ್ಕ್ಯಾನ್ ಬರೆದರೆ ಅದು ಪಿಟ್ಯುಟರಿಯದೇ ಎಂಆರ್‌ಐ ತಾನೇ ಎಂದು ಕೇಳಿ, ತಲೆಯ ಸಾದಾ ಸಿಟಿಯಲ್ಲಿ ಅಷ್ಟು ಚಿಕ್ಕ ಗ್ರಂಥಿ ಸರಿಯಾಗಿ ಕಾಣದು.

ಪಿಟ್ಯುಟರಿ ತೊಂದರೆ ಖಚಿತವಾದರೆ ಥೈರಾಕ್ಸಿನ್ ಪ್ರಮಾಣ ನಿರ್ಧರಿಸುವುದು ಫ್ರೀ ಟಿ4 ನೋಡಿ. ಮುಂದೆ ಯಾರಾದರೂ ಟಿಎಸ್‌ಎಚ್ ಇಳಿದಿದೆಯೆಂದು ಮಾತ್ರೆ ಕಡಿಮೆ ಮಾಡಿದರೆ ಹಳೆಯ ಫೈಲ್ ತೋರಿಸಿ. ಮಾತ್ರೆ ಖಾಲಿ ಹೊಟ್ಟೆಗೆ, ನೀರಿನಲ್ಲಿ. ನಮ್ಮ ಕಡೆಯ ಬೆಳಗಿನ ಕಾಫಿ ಅದಾಗಿ ಅರ್ಧದಿಂದ ಒಂದು ಗಂಟೆಯ ನಂತರ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೆ ನಾಲ್ಕು ಗಂಟೆ ಅಂತರ ಬೇಕು. ಪರೀಕ್ಷೆಯ ದಿನ ರಕ್ತ ಕೊಟ್ಟಾದ ಮೇಲೆ ನುಂಗಲಿ.