ಓದುಗರ ಪ್ರಶ್ನೆ: ಕ್ಲಾಸಿನಲ್ಲಿ ಬಾಯಿ ಬಿಡದ ಮಕ್ಕಳು

ಪ್ರಶ್ನೆ: ತಾಲ್ಲೂಕು ಕೇಂದ್ರದ ಪದವಿ ಕಾಲೇಜಿನಲ್ಲಿ ಬಿ.ಕಾಂ. ಮೊದಲ ವರ್ಷಕ್ಕೆ ಅಕೌಂಟೆನ್ಸಿ ಪಾಠ ಮಾಡುತ್ತೇನೆ. 70 ಮಕ್ಕಳಲ್ಲಿ ಅರ್ಧಕ್ಕರ್ಧ ಕನ್ನಡ ಮಾಧ್ಯಮದವರು. ಏನು ಕೇಳಿದರೂ ಮುಂದಿನ ಬೆಂಚಿನ ನಾಲ್ವರದೇ ಉತ್ತರ. ಉಳಿದವರನ್ನು ಮಾತಾಡಿಸುವುದು ಹೇಗೆ?

ಉತ್ತರ: ಅವರಿಗೆ ವಿಷಯವೇ ಗೊತ್ತಿಲ್ಲ ಎಂದುಕೊಳ್ಳಬೇಡಿ; ಎಷ್ಟೋ ಸಲ ಗೊತ್ತಿಲ್ಲದ್ದು ಇಂಗ್ಲಿಷ್ ಹೆಸರು ಮಾತ್ರ. ‘ಡಿಪ್ರಿಸಿಯೇಷನ್’ ಎಂದಾಗ ತಲೆ ತಗ್ಗಿಸುವ ಹುಡುಗಿಗೆ ಸವಕಳಿ (ಬಳಸುತ್ತ ಹೋದಂತೆ ಆಸ್ತಿಯ ಬೆಲೆ ಇಳಿಯುವುದು) ಗೊತ್ತು. ‘ಟ್ರಯಲ್ ಬ್ಯಾಲೆನ್ಸ್’ಗೆ ಮಿಕಮಿಕ ನೋಡುವವನು ಪಿಯುಸಿಯಲ್ಲಿ ಎಲ್ಲ ಖಾತೆಗಳ ಬಾಕಿ ಹೊಂದಿಸಿ ನೋಡುವ ತಾಳೆಪಟ್ಟಿ ಹಾಕಿಯೇ ಬಂದಿರುತ್ತಾನೆ. ಬೋರ್ಡಿನ ಎಡ ಅಂಚಿನಲ್ಲಿ ದಿನಕ್ಕೆ ಐದಾರು ಪದಗಳನ್ನು ಎರಡೂ ಭಾಷೆಯಲ್ಲಿ ಬರೆದು, ಪಾಠ ಮುಗಿಯುವವರೆಗೂ ಅಳಿಸದೆ ಬಿಡಿ.

ಪ್ರಶ್ನೆ ಹಾಕಿದ ಕೂಡಲೇ ಉತ್ತರ ಪಡೆಯಬೇಡಿ. ಉದಾಹರಣೆಗೆ: ‘1,00,000 ರೂಪಾಯಿಯ ಯಂತ್ರ, ಆಯುಸ್ಸು 10 ವರ್ಷ, ಕೊನೆಗೆ ಗುಜರಿ ಬೆಲೆ ಸೊನ್ನೆ. ವರ್ಷಕ್ಕೆ ಸಮನಾಗಿ ಹಂಚಿದರೆ ಸವಕಳಿ ಎಷ್ಟು?’ ಒಂದು ನಿಮಿಷ ಎಲ್ಲರೂ ಬರೆಯಲಿ, ಎರಡು ನಿಮಿಷ ಪಕ್ಕದವರೊಡನೆ ತಾಳೆ ನೋಡಲಿ. ಆಮೇಲೆ ಹಿಂದಿನ ಬೆಂಚಿಗೆ ಹೋಗಿ, ‘ನಿನ್ನ ಉತ್ತರವೇನು?’ ಎನ್ನುವ ಬದಲು ‘ಪಕ್ಕದವಳು ಏನಂದಳು?’ ಎಂದು ಕೇಳಿ. ತಪ್ಪಾದರೂ ಮಾನ ಹೋಗುವುದಿಲ್ಲ. ಬಾಯಿ ಬರುವುದು ಆಗಲೇ.

ಜೋಡಿಯಲ್ಲಿ ಜಾಣೆಯೊಬ್ಬಳೇ ಬರೆದು ಇನ್ನೊಬ್ಬಳು ನಕಲು ಮಾಡುವುದೂ ಉಂಟು. ಅದಕ್ಕೇ ಬರೆಯುವ ಆ ಒಂದು ನಿಮಿಷ ಬೇಕು. ಹಾಗೆಂದು ಪೂರ್ತಿ ಕನ್ನಡದಲ್ಲೇ ಪಾಠ ಮುಗಿಸಿದರೆ, ಪರೀಕ್ಷೆಯಲ್ಲಿ ಇಂಗ್ಲಿಷ್ ಪ್ರಶ್ನೆ ಬಂದಾಗ ಅದನ್ನು ಓದಲಾಗದೆ ಕೂರುತ್ತಾರೆ. ಕೊನೆಯ ಐದು ನಿಮಿಷ ಹಳೆಯ ಪ್ರಶ್ನೆಪತ್ರಿಕೆಯ ಒಂದು ಪ್ರಶ್ನೆ ಓದಿಸಿ, ಅದು ಏನು ಕೇಳುತ್ತಿದೆ ಎಂಬುದನ್ನು ಅವರ ಮಾತಿನಲ್ಲೇ ಹೇಳಿಸಿ.

ಪ್ರಶ್ನೆ: ಆನ್‌ಲೈನ್ ಕ್ಲಾಸಿಗೆ ಹಳ್ಳಿಯ ಮಕ್ಕಳು ಸೇರುವುದೇ ಇಲ್ಲ.

ಉತ್ತರ: ಮುಕ್ಕಾಲು ಗಂಟೆಯ ವಿಡಿಯೋ ಬಿಡಿ, ಹತ್ತು ನಿಮಿಷದ ಧ್ವನಿ ಕಳಿಸಿ. ಸೆಕೆಂಡಿಗೆ 32 ಕಿಲೋಬಿಟ್, ಅಂದರೆ 32 ಕೆಬಿಪಿಎಸ್‌ನಲ್ಲಿ ಉಳಿಸಿದರೆ ಸುಮಾರು 2.4 ಎಂಬಿ ಅಷ್ಟೇ. ನೋಟ್ಸನ್ನು ವಾಟ್ಸಾಪಿನಲ್ಲಿ ಫೋಟೋ ಆಗಿ ಹಾಕಿದರೆ ಅದು ಕುಗ್ಗಿ ಅಂಕಿಗಳು ಮಸುಕಾಗುತ್ತವೆ. ‘ಡಾಕ್ಯುಮೆಂಟ್’ ಆಗಿ ಕಳಿಸಿ. ಮನೆಯಲ್ಲಿ ಇರುವುದು ಒಂದೇ ಫೋನ್, ಅದೂ ಅಪ್ಪನ ಜೊತೆ ಸಂಜೆಯೇ ಮನೆಗೆ ಬರುವುದಾದರೆ, ಉತ್ತರ ಕಳಿಸಲು ಸಂಜೆ ಐದು ಗಂಟೆಯ ಗಡುವು ಇಟ್ಟು ಏನು ಸುಖ? ಮರುದಿನ ಬೆಳಗ್ಗೆ ಒಂಬತ್ತಕ್ಕೆ ಇಡಿ.

ಪ್ರಶ್ನೆ: ಕಣ್ಣು ಕಾಣದ ವಿದ್ಯಾರ್ಥಿಗೆ ನಾನು ಕೊಟ್ಟ ಕನ್ನಡ ನೋಟ್ಸನ್ನು ಅವನ ಲ್ಯಾಪ್‌ಟಾಪ್ ಓದುತ್ತಿಲ್ಲ, ಏಕೆ?

ಉತ್ತರ: ಹಳೆಯ ‘ನುಡಿ’ ತಂತ್ರಾಂಶದ ಫಾಂಟಿನಲ್ಲಿ ಟೈಪಿಸಿದ್ದೀರಿ ಎಂದು ಕಾಣುತ್ತದೆ. ಪರದೆಯ ಮೇಲೆ ಕನ್ನಡ ಕಂಡರೂ ಒಳಗಿರುವುದು ಬೇರೆ ಅಕ್ಷರಗಳು. ಎನ್‌ವಿಡಿಎಯಂಥ ಉಚಿತ ಸ್ಕ್ರೀನ್ ರೀಡರ್ (ಪರದೆಯ ಬರಹವನ್ನು ಗಟ್ಟಿಯಾಗಿ ಓದುವ ತಂತ್ರಾಂಶ) ಅದನ್ನು ಅರ್ಥವಿಲ್ಲದಂತೆ ಓದುತ್ತದೆ. ಎಲ್ಲ ಕಂಪ್ಯೂಟರಿಗೂ ತಿಳಿಯುವ ಅಕ್ಷರ ಸಂಕೇತವಾದ ಯೂನಿಕೋಡ್‌ಗೆ ಪರಿವರ್ತಿಸಿ ಕೊಡಿ. ಸ್ಕ್ಯಾನ್ ಮಾಡಿದ ಪಿಡಿಎಫ್ ಆದರೆ ಅದು ಬರೀ ಚಿತ್ರ. ಗೂಗಲ್ ಡ್ರೈವ್‌ಗೆ ಹಾಕಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಅಕ್ಷರವಾಗುತ್ತದೆ, ಆದರೆ ಒತ್ತಕ್ಷರ, ಅಂಕಿಗಳನ್ನು ಒಮ್ಮೆ ತಿದ್ದಲೇಬೇಕು. ಬೋರ್ಡಿನಲ್ಲಿ ‘ಇದನ್ನು ಅದರಲ್ಲಿ ಕಳೆಯಿರಿ’ ಎನ್ನದೆ ಅಂಕಿಗಳನ್ನೇ ಓದಿ ಹೇಳಿ.