ಹ್ಯಾಲೋವೀನ್ ಜಾರ್: ಮಣ್ಣು, ಎರೆಹುಳ, ಬಿಳಿ ದೆವ್ವ

ಅಮೆರಿಕಕ್ಕೆ ಬಂದು ಒಂದು ವರ್ಷ, ಹ್ಯಾಲೋವೀನ್‌ಗೆ ಮಗಳ ಐದು ಜನ ಗೆಳತಿಯರು ಮನೆಗೆ ಬರುತ್ತಾರೆ, ಜಾರ್‌ನಲ್ಲಿ ಮಕ್ಕಳೇ ಮಾಡೋ ಅಂಥ ಸಿಹಿ ಹೇಳಿ, ಮೊಟ್ಟೆ ತಿನ್ನಲ್ಲ, ಓವನ್ ಅಂದರೆ ಭಯ ಅಂತ ಕೇಳಿದ್ದೀರಿ. ಓವನ್ ಬೇಕಾಗಿಯೇ ಇಲ್ಲ. ನಾನು ನ್ಯೂಜೆರ್ಸಿಯಲ್ಲಿ ಎಂಟು ವರ್ಷದಿಂದ ಇದನ್ನು ಮಕ್ಕಳ ಕೈಲಿ ಮಾಡಿಸುತ್ತಿದ್ದೇನೆ.

ಮೊದಲ ವರ್ಷ ಮಾತ್ರ ಎಲ್ಲಾ ನಾನೇ ಮಾಡಿದ್ದೆ. ಕಿತ್ತಳೆ ಬಣ್ಣ ಬೇಕಲ್ವಾ ಅಂತ ಕೇಸರಿಬಾತ್ ಮಾಡಿ, ಜಾರ್‌ಗೆ ತುಂಬಿ, ರಾತ್ರಿಯೇ ಫ್ರಿಜ್‌ನಲ್ಲಿಟ್ಟೆ. ನೋಡೋಕೆ ಚೆನ್ನಾಗಿತ್ತು. ಮಾರನೇ ದಿನ ತುಪ್ಪ ಹೆಪ್ಪುಗಟ್ಟಿ, ರವೆ ಗಾರೆಯ ಹಾಗೆ ಬಿಗಿದುಕೊಂಡಿತ್ತು. ಒಬ್ಬ ಹುಡುಗನ ಪ್ಲಾಸ್ಟಿಕ್ ಚಮಚ ಅದರಲ್ಲೇ ಮುರಿಯಿತು. ಮಕ್ಕಳಿಗೆ ಮಾಡೋಕೂ ಏನೂ ಉಳಿದಿರಲಿಲ್ಲ, ತಿನ್ನೋಕೂ ಆಗಲಿಲ್ಲ.

ಈಗ ಮಾಡಿಸೋದು ಇಲ್ಲಿಯವರು ಡರ್ಟ್ ಕಪ್ ಅನ್ನುವುದನ್ನು. ಓರಿಯೋ ಪುಡಿಯೇ ಮಣ್ಣು, ಚಾಕೊಲೇಟ್ ಪುಡಿಂಗ್ ಕೆಸರು, ಮೇಲೆ ಜೆಲ್ಲಿ ಹುಳಗಳು. ನಾನು ನಡುವೆ ಮಾವಿನಹಣ್ಣಿನ ಶ್ರೀಖಂಡ ಸೇರಿಸುತ್ತೇನೆ. ಕಪ್ಪಿನ ನಡುವೆ ಕಿತ್ತಳೆ ಬಂದರೆ ಹ್ಯಾಲೋವೀನ್ ಬಣ್ಣ ಆಯಿತು.

ಆರು ಜಾರ್‌ಗೆ ಲೆಕ್ಕ ಹೇಳುತ್ತೇನೆ. 8 ಔನ್ಸ್, ಅಂದರೆ ಸುಮಾರು 240 ಮಿ.ಲೀ. ಹಿಡಿಯುವ ಅಗಲ ಬಾಯಿಯ ಮೇಸನ್ ಜಾರ್ ತಗೊಳ್ಳಿ. ಭುಜ ಇರುವ ಜಾರ್ ಬೇಡ, ಮೂಲೆಗೆ ಚಮಚ ಹೋಗುವುದಿಲ್ಲ. (ಈ ಜಾರ್‌ಗೆ ಹೆಸರು ಬಂದದ್ದು 1858ರಲ್ಲಿ ಪೇಟೆಂಟ್ ಪಡೆದ ಜಾನ್ ಲ್ಯಾಂಡಿಸ್ ಮೇಸನ್ ಅವರಿಂದ. ಹಣ್ಣು, ತರಕಾರಿ ಕೆಡದ ಹಾಗೆ ಇಡೋಕೆ ಬಂದ ಜಾರ್ ಇದು, ನಮ್ಮ ಉಪ್ಪಿನಕಾಯಿ ಭರಣಿ ಇದ್ದ ಹಾಗೆ.) ಐದು ವರ್ಷದ ಒಳಗಿನ ಮಕ್ಕಳಿದ್ದರೆ ಅದೇ ಆಕಾರದ ಪ್ಲಾಸ್ಟಿಕ್ ಜಾರ್ ವಾಸಿ.

ಪುಡಿಂಗ್‌ಗೆ 3.9 ಔನ್ಸ್‌ನ ಇನ್‌ಸ್ಟಂಟ್ ಚಾಕೊಲೇಟ್ ಪುಡಿಂಗ್ ಡಬ್ಬಿ ಒಂದು, ತಣ್ಣನೆಯ ಹಾಲು ಎರಡು ಕಪ್. ಎರಡು ನಿಮಿಷ ಗೊಟಾಯಿಸಿ, ಐದು ನಿಮಿಷ ಬಿಟ್ಟರೆ ಗಟ್ಟಿಯಾಗುತ್ತದೆ. ಡಬ್ಬಿಯ ಮೇಲೆ 'ಇನ್‌ಸ್ಟಂಟ್' ಅಂತ ಇದೆಯಾ ನೋಡಿ ತನ್ನಿ. ಪಕ್ಕದಲ್ಲೇ ಒಲೆ ಮೇಲೆ ಕುದಿಸುವ ಇನ್ನೊಂದು ಬಗೆ ಇರುತ್ತದೆ, ಎರಡೂ ಅವಳಿ ಮಕ್ಕಳ ಹಾಗಿರುತ್ತವೆ. ಹಾಲು ಹಸುವಿನದೇ ಇರಲಿ. ಬಾದಾಮಿ ಹಾಲು, ಸೋಯಾ ಹಾಲಿನಲ್ಲಿ ಇದು ಸರಿಯಾಗಿ ಗಟ್ಟಿಯಾಗಲ್ಲ.

ಶ್ರೀಖಂಡಕ್ಕೆ ಒಂದು ಕಪ್ ಗ್ರೀಕ್ ಯೋಗರ್ಟನ್ನು ಬಟ್ಟೆಯಲ್ಲಿ ಎರಡು ಗಂಟೆ ಕಟ್ಟಿಟ್ಟು, ಇಂಡಿಯನ್ ಅಂಗಡಿಯ ಡಬ್ಬಿಯ ಮಾವಿನ ಪಲ್ಪ್ ಅರ್ಧ ಕಪ್ ಬೆರೆಸಿ. ಪಲ್ಪ್‌ನಲ್ಲೇ ಸಕ್ಕರೆ ಇರುತ್ತದೆ, ರುಚಿ ನೋಡಿ ಹಾಕಿ. ಬಣ್ಣ ಹಳದಿಯಾಗಿಯೇ ಕಂಡರೆ ಹಾಲಲ್ಲಿ ನೆನೆಸಿದ ಕೇಸರಿ ನಾಲ್ಕು ಎಸಳು.

ಇದಿಷ್ಟು ಹಿಂದಿನ ದಿನ ನೀವು ಮಾಡಿಡಿ. ಉಳಿದದ್ದು ಮಕ್ಕಳ ಪಾಲು.

ಇಪ್ಪತ್ತು ಓರಿಯೋಗಳನ್ನು ಎರಡು ಜಿಪ್‌ಲಾಕ್ ಚೀಲಕ್ಕೆ ಹಾಕಿ, ಗಾಳಿ ತೆಗೆದು ಮುಚ್ಚಿ, ಲಟ್ಟಣಿಗೆ ಕೈಗೆ ಕೊಡಿ. ಗಾಳಿ ಇದ್ದರೆ ಮೊದಲ ಏಟಿಗೇ ಚೀಲ ಢಬ್ ಅಂತ ಒಡೆದು ಮಣ್ಣೆಲ್ಲ ಗೋಡೆಗೆ. ಒಬ್ಬರಿಗೆ ಹತ್ತು ಏಟು, ಎಣಿಸುವುದು ಪಕ್ಕದವರು. ಇಲ್ಲದಿದ್ದರೆ ಲಟ್ಟಣಿಗೆಗೇ ಜಗಳ ಆಗುತ್ತದೆ.

ಜಾರ್‌ಗೆ ತಳದಲ್ಲಿ ಮಣ್ಣು, ಮೇಲೆ ಮೂರು ದೊಡ್ಡ ಚಮಚ ಶ್ರೀಖಂಡ, ಮತ್ತೆ ಸ್ವಲ್ಪ ಮಣ್ಣು, ಮೂರನೇ ಒಂದು ಕಪ್ ಪುಡಿಂಗ್, ಮತ್ತೆ ಮಣ್ಣು. ಮಕ್ಕಳು ಹಾಕಿದರೆ ಪದರ ಓರೆಯಾಗುತ್ತದೆ, ಗಾಜಿಗೆಲ್ಲ ಮೆತ್ತಿಕೊಳ್ಳುತ್ತದೆ. ದಯವಿಟ್ಟು ಸರಿಮಾಡೋಕೆ ಹೋಗಬೇಡಿ. ನನ್ನ ಮಗ ಒಂದು ಸಲ ಎಲ್ಲವನ್ನೂ ಕಲಸಿ, ಇದು ಭೂಕಂಪ ಆದ ಸ್ಮಶಾನ ಅಂದ. ಆ ದಿನ ಎಲ್ಲರಿಗೂ ಅದೇ ಬೇಕಾಯಿತು.

ದೆವ್ವಕ್ಕೆ ಒಂದು ಕಪ್ ಹೆವಿ ವಿಪ್ಪಿಂಗ್ ಕ್ರೀಮ್, ಎರಡು ಚಮಚ ಪುಡಿ ಸಕ್ಕರೆ. ಇದೊಂದನ್ನು ಅದೇ ದಿನ ನೀವೇ ಕಡೆಯಿರಿ. ಪಾತ್ರೆಯನ್ನು ಮೊದಲು ಹದಿನೈದು ನಿಮಿಷ ಫ್ರೀಜರ್‌ನಲ್ಲಿಡಿ. ಬಿಳಿ ಗುಡ್ಡೆ ನಿಂತ ಕೂಡಲೇ ನಿಲ್ಲಿಸಿ, ಆಮೇಲೆ ಕಡೆದರೆ ಬೆಣ್ಣೆ ಬರುತ್ತದೆ. ಜಿಪ್‌ಲಾಕ್ ಚೀಲಕ್ಕೆ ತುಂಬಿ ಒಂದು ಮೂಲೆ ಕತ್ತರಿಸಿ ಕೊಟ್ಟರೆ ಮಕ್ಕಳು ಸುತ್ತಿ ಸುತ್ತಿ ದೆವ್ವ ಎಬ್ಬಿಸುತ್ತಾರೆ. ಕಣ್ಣಿಗೆ ಸಣ್ಣ ಚಾಕೊಲೇಟ್ ಚಿಪ್ಸ್ ಎರಡು.

ಗೋರಿಕಲ್ಲಿಗೆ ಇಲ್ಲಿಯವರು ಮಿಲಾನೋ ಬಿಸ್ಕತ್ತು ನೆಡುತ್ತಾರೆ. ಅದರಲ್ಲಿ ಮೊಟ್ಟೆ ಇದೆ. ಪಾರ್ಲೆ-ಜಿ ಹಿಂಬದಿ ತಿರುಗಿಸಿ, ಕರಗಿಸಿದ ಚಾಕೊಲೇಟಲ್ಲಿ ಟೂತ್‌ಪಿಕ್ ಅದ್ದಿ ಬರೆಸಿ. ನನ್ನ ಮಗ 'ಹೋಮ್‌ವರ್ಕ್' ಅಂತ ಬರೆದು ನೆಟ್ಟಿದ್ದ. ತಿನ್ನೋ ಹೊತ್ತಿಗೇ ನೆಡಿ, ಮೊದಲೇ ನೆಟ್ಟರೆ ಮೆತ್ತಗಾಗಿ ಬೀಳುತ್ತದೆ.

ಇನ್ನು ಹುಳ. ಮೊಟ್ಟೆ ತಿನ್ನಲ್ಲ ಅಂದಿರಿ, ಹಾಗಾದರೆ ಇದನ್ನು ಗಮನಿಸಿ ಓದಿ. ಸಾಮಾನ್ಯ ಗಮ್ಮಿ ಹುಳಗಳಲ್ಲಿ ಜೆಲಟಿನ್ ಇರುತ್ತದೆ, ಅದು ಹಂದಿ ಅಥವಾ ದನದ ಚರ್ಮ, ಮೂಳೆಯಿಂದ ಬರುವಂಥದ್ದು. ಮಾರ್ಷ್‌ಮೆಲೋ, ಬಹಳಷ್ಟು ಕ್ಯಾಂಡಿ ಕಾರ್ನ್‌ಗಳಲ್ಲೂ (ಜೋಳದ ಕಾಳಿನ ಆಕಾರದ ಮಿಠಾಯಿ) ಅದೇ. ಅದರ ಬದಲು ಹಣ್ಣಿನಿಂದ ತೆಗೆದ ಪೆಕ್ಟಿನ್ ಹಾಕಿದ ಹುಳ ಸಿಗುತ್ತದೆ, ಪಟ್ಟಿ ಓದಿ ಕೊಳ್ಳಿ.

ನಮ್ಮ ಮನೆಯಲ್ಲಿ ಈ ಸಮಸ್ಯೆ ಬಗೆಹರಿಸಿದ್ದು ನಮ್ಮ ಅತ್ತೆ. 2024ರಲ್ಲಿ ಹ್ಯಾಲೋವೀನ್ ದಿನ, ಅಕ್ಟೋಬರ್ 31ಕ್ಕೇ ನರಕ ಚತುರ್ದಶಿಯೂ ಬಿತ್ತು. ಬೆಳಗ್ಗೆ ಎಣ್ಣೆ ಸ್ನಾನ, ಸಾಯಂಕಾಲ ಬಾಗಿಲಲ್ಲಿ ಒಂದು ಕಡೆ ದೀಪ, ಇನ್ನೊಂದು ಕಡೆ ಕೊರೆದ ಕುಂಬಳಕಾಯಿ. ಊರಿಂದ ಬಂದಿದ್ದ ಅತ್ತೆ ಜಾರ್ ನೋಡಿ, "ಹಬ್ಬದ ದಿನ ಮಣ್ಣು, ಹುಳ, ಗೋರಿ! ಏನಮ್ಮ ಇದು?" ಅಂದರು. ನಾನು ಸುಮ್ನೆ ಇದ್ದೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಒರಳು ತೆಗೆದು ಶಾವಿಗೆ ಒತ್ತುತ್ತಿದ್ದಾರೆ. ದಪ್ಪ ಎಳೆಗಳನ್ನು ಬೆಲ್ಲದ ಪಾಕದಲ್ಲಿ ಹೊರಳಿಸಿ, ಬೆರಳುದ್ದ ಕತ್ತರಿಸಿ ಮಣ್ಣಿನ ಮೇಲೆ ಇಟ್ಟರು. ಕಂದು ಬಣ್ಣ, ಪಾಕದ ಹೊಳಪು, ಥೇಟ್ ಎರೆಹುಳ. ಅಮೆರಿಕದ ಹುಡುಗಿಯೊಬ್ಬಳು ನಿಜವಾದದ್ದು ಅಂದುಕೊಂಡು ಕಿರುಚಿದಳು. ಅತ್ತೆಗೆ ಅವತ್ತು ಆದ ಖುಷಿ ಹೇಳತೀರದು.

ಇನ್ನೆರಡು ಮಾತು. ಈ ಜಾರ್‌ಗಳು ಮನೆಗೆ ಬಂದವರಿಗೆ ಮಾತ್ರ. ಬಾಗಿಲಿಗೆ ಕ್ಯಾಂಡಿ ಕೇಳಿಕೊಂಡು ಬರುವ ಮಕ್ಕಳಿಗೆ ಪೊಟ್ಟಣ ಕಟ್ಟಿದ ಅಂಗಡಿಯ ಮಿಠಾಯಿಯನ್ನೇ ಕೊಡಿ. ಮನೆಯಲ್ಲಿ ಮಾಡಿದ್ದನ್ನು ಗುರುತಿಲ್ಲದ ತಾಯಂದಿರು ಎಸೆಯುತ್ತಾರೆ, ಅವರದ್ದು ತಪ್ಪೂ ಅಲ್ಲ. ಪಾರ್ಟಿಯನ್ನು ಮಧ್ಯಾಹ್ನವೇ ಮುಗಿಸಿ, ರಾತ್ರಿ ಕ್ಯಾಂಡಿ ಚೀಲ ಬಂದ ಮೇಲೆ ನಿಮ್ಮ ಜಾರ್ ಯಾರಿಗೂ ಬೇಡ.

ಮತ್ತೆ ಐದೂ ಮಕ್ಕಳ ಅಮ್ಮಂದಿರಿಗೆ ಈಗಲೇ ಮೆಸೇಜ್ ಮಾಡಿ, ಕಡಲೆಕಾಯಿ, ಹಾಲು, ಗೋಧಿ ಯಾವುದಾದರೂ ಅಲರ್ಜಿ ಇದೆಯಾ ಅಂತ. ಇಲ್ಲಿ ಕೆಲವು ಮನೆಗಳ ಮುಂದೆ ಹಸಿರು-ನೀಲಿ ಬಣ್ಣ ಬಳಿದ ಕುಂಬಳಕಾಯಿ ಇಟ್ಟಿರುತ್ತಾರೆ ನೋಡಿ, ತಿನ್ನುವಂಥದ್ದಲ್ಲದ ಸಣ್ಣ ಆಟಿಕೆಗಳೂ ನಮ್ಮಲ್ಲಿ ಸಿಗುತ್ತವೆ ಅಂತ ಅದರ ಅರ್ಥ. ಯಾರಿಗಾದರೂ ಹಾಲು ಆಗದಿದ್ದರೆ ಆ ಮಗುವಿಗೆ ಬೇರೆ ಏನಾದರೂ ಯೋಚಿಸಬೇಕು, ಈ ಜಾರ್‌ನಲ್ಲಿ ಮುಕ್ಕಾಲು ಪಾಲು ಹಾಲೇ.