‘ದಿ ಗೋಲ್ಡನ್ ಕಂಪಾಸ್’ ನೋಡಿದ ಮಗಳಿಗೆ ಆ ಪುಸ್ತಕ ಕೊಡಿಸಬಹುದೇ?

ನೀವು ಕೇಳಿರುವುದು ಒಂದಲ್ಲ, ಎರಡು ಪ್ರಶ್ನೆ. ಹತ್ತು ವರ್ಷದ ಮಗಳ ಜೊತೆ ಕೂತು ‘ದಿ ಗೋಲ್ಡನ್ ಕಂಪಾಸ್’ ನೋಡಿದ್ದೀರಿ, ದೇವರ ವಿರುದ್ಧ ಅದರಲ್ಲಿ ಏನೂ ಕಾಣಲಿಲ್ಲ. ಹಾಗಿದ್ದರೆ ‘ಈ ಚಿತ್ರ ಮಕ್ಕಳನ್ನು ನಾಸ್ತಿಕರನ್ನಾಗಿ ಮಾಡುತ್ತದೆ, ದೂರವಿಡಿ’ ಎಂದು ನಿಮ್ಮ ಚರ್ಚಿನ ವಾಟ್ಸಾಪ್ ಗುಂಪಿನಲ್ಲಿ ಬಂದದ್ದು ಯಾಕೆ ಎನ್ನುವುದು ಒಂದು. ಈಗ ಮಗಳು ಪುಸ್ತಕವೂ ಬೇಕೆಂದು ಹಟ ಹಿಡಿದಿದ್ದಾಳೆ, ಕೊಡಿಸಲೋ ಬೇಡವೋ ಎನ್ನುವುದು ಇನ್ನೊಂದು.

ನಾನೂ ಮಂಗಳೂರು ಕಡೆಯ ಕ್ಯಾಥೊಲಿಕ್. ಭಾನುವಾರದ ಪೂಜೆ ತಪ್ಪಿಸುವವಳಲ್ಲ, ಚರ್ಚಿನಲ್ಲಿ ಮಕ್ಕಳಿಗೆ ಕ್ಯಾಟಿಕಿಸಂ ಹೇಳಿಕೊಟ್ಟವಳು. ಈ ಕತೆ ಒಟ್ಟು ಮೂರು ಪುಸ್ತಕಗಳಲ್ಲಿದೆ, ಚಿತ್ರ ಮೊದಲನೆಯದರದ್ದು. ಮೂರನ್ನೂ ಓದಿದ್ದೇನೆ, ಬಹಳ ಇಷ್ಟಪಟ್ಟಿದ್ದೇನೆ, ನಡುನಡುವೆ ಲೇಖಕನ ಜೊತೆ ಮನಸ್ಸಿನಲ್ಲೇ ಜಗಳವನ್ನೂ ಆಡಿದ್ದೇನೆ. ಉತ್ತರ ಓದುವಾಗ ಇದು ನಿಮ್ಮ ಗಮನದಲ್ಲಿರಲಿ.

ಆ ಸಂದೇಶ ಹೊಸದೇನಲ್ಲ. 2007ರಲ್ಲಿ ಇದೇ ಒಕ್ಕಣೆ ಇಮೇಲ್ ಆಗಿ ಊರೂರು ಸುತ್ತಿತ್ತು. ಕುವೈತ್‌ನಲ್ಲಿದ್ದ ನನ್ನ ಚಿಕ್ಕಮ್ಮನ ಮಗಳು ನನಗೂ ಕಳಿಸಿದ್ದಳು. ‘ಕೊನೆಯಲ್ಲಿ ಮಕ್ಕಳು ದೇವರನ್ನೇ ಕೊಲ್ಲುತ್ತಾರೆ’ ಎನ್ನುವುದು ಅದರ ಮುಖ್ಯ ಸಾಲು. ಚಿತ್ರದಲ್ಲಿ ಅಂಥ ದೃಶ್ಯವೇ ಇಲ್ಲ. ಮೂರನೆಯ ಪುಸ್ತಕದಲ್ಲಿ ಅದಕ್ಕೆ ಹತ್ತಿರದ ಒಂದು ಪ್ರಸಂಗ ಇದೆ, ಆದರೆ ಇಮೇಲ್ ಹೇಳಿದ ಹಾಗಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಗಲಾಟೆ ಎಬ್ಬಿಸಿದ್ದು ನ್ಯೂಯಾರ್ಕ್‌ನ ಕ್ಯಾಥೊಲಿಕ್ ಲೀಗ್ ಎಂಬ ಸಂಘಟನೆ. ಅದರ ಅಧ್ಯಕ್ಷ ಬಿಲ್ ಡಾನಹ್ಯೂ. ಹೆಸರು ಕೇಳಿ ಇದು ವ್ಯಾಟಿಕನ್ನಿನ ಶಾಖೆ ಎಂದುಕೊಳ್ಳಬೇಡಿ. ಅದು ಪೋಪರ ಕಚೇರಿಯೂ ಅಲ್ಲ, ಬಿಷಪರ ಮಂಡಳಿಯೂ ಅಲ್ಲ. ಚಿತ್ರ ಅಮೆರಿಕದಲ್ಲಿ ಬಿಡುಗಡೆಯಾದದ್ದು 2007ರ ಡಿಸೆಂಬರ್ 7ಕ್ಕೆ, ಕ್ರಿಸ್‌ಮಸ್ ರಜೆಯ ಲೆಕ್ಕ ಹಾಕಿ. ಲೀಗ್ ಅಕ್ಟೋಬರಿನಲ್ಲೇ ಬಹಿಷ್ಕಾರಕ್ಕೆ ಕರೆ ಕೊಟ್ಟು, ಕಿರುಪುಸ್ತಕವನ್ನೂ ಅಚ್ಚು ಹಾಕಿಸಿ ಹಂಚಿತು. ಅವರ ವಾದ ತಮಾಷೆಯಾಗಿತ್ತು ಎಂದು ಆಗ ಅನೇಕರಿಗೆ ಅನ್ನಿಸಿತು, ನನಗೆ ಹಾಗನ್ನಿಸಲಿಲ್ಲ. ಚಿತ್ರದಲ್ಲಿ ಧರ್ಮನಿಂದೆಯನ್ನು ತೆಳು ಮಾಡಿದ್ದಾರೆ ಎಂದು ಡಾನಹ್ಯೂ ಸ್ವತಃ ಒಪ್ಪಿಕೊಂಡಿದ್ದರು. ಆಕ್ಷೇಪ ಇದ್ದದ್ದು ಬೇರೆ: ಚಿತ್ರ ಬರೀ ಗಾಳದ ಹುಳ, ಮಕ್ಕಳು ಖುಷಿಯಿಂದ ನೋಡುತ್ತಾರೆ, ಮನೆಗೆ ಬಂದು ಪುಸ್ತಕ ಕೇಳುತ್ತಾರೆ, ಏನೂ ಗೊತ್ತಿಲ್ಲದ ಅಪ್ಪ ಅಮ್ಮ ತಂದುಕೊಡುತ್ತಾರೆ.

ನಿಮ್ಮ ಮನೆಯಲ್ಲಿ ಈಗ ನಡೆದಿರುವುದು ಅಕ್ಷರಶಃ ಅದೇ ಅಲ್ಲವೇ? ಅಷ್ಟರ ಮಟ್ಟಿಗೆ ಆತ ಹೇಳಿದ್ದು ಸರಿ. ಆದ್ದರಿಂದ ಪುಸ್ತಕದಲ್ಲಿ ಏನಿದೆ ಎಂದು ನೋಡದೆ ಈ ಗಲಾಟೆ ಅರ್ಥವಾಗುವುದಿಲ್ಲ.

ಬರೆದವರು ಫಿಲಿಪ್ ಪುಲ್‌ಮನ್. ಆಕ್ಸ್‌ಫರ್ಡಿನಲ್ಲಿ ವರ್ಷಗಟ್ಟಲೆ ಶಾಲಾ ಮೇಷ್ಟ್ರಾಗಿದ್ದವರು. ಅಜ್ಜ ಆಂಗ್ಲಿಕನ್ ಪಾದ್ರಿ. ಹಾಗಾಗಿ ಬೈಬಲ್ಲಿನ ಹಳೆಯ ಇಂಗ್ಲಿಷ್ ಅನುವಾದ, ಪ್ರಾರ್ಥನೆಗಳು ಎಲ್ಲ ಬಾಲ್ಯದಿಂದಲೇ ಕಿವಿಗೆ ಬಿದ್ದಿದ್ದವು. ದೇವರನ್ನು ನಂಬದವರೇ, ಆದರೆ ನಂಬಿಕೆಯ ಮನೆಯೊಳಗೆ ಬೆಳೆದು ನಂಬದವರು. ಮೊದಲ ಪುಸ್ತಕ 1995ರಲ್ಲಿ ಇಂಗ್ಲೆಂಡಿನಲ್ಲಿ ‘ನಾರ್ದರ್ನ್ ಲೈಟ್ಸ್’ ಎಂಬ ಹೆಸರಲ್ಲಿ ಬಂತು. ಅಮೆರಿಕದಲ್ಲಿ ಅದಕ್ಕೇ ‘ದಿ ಗೋಲ್ಡನ್ ಕಂಪಾಸ್’ ಎಂದು ಹೆಸರಿಟ್ಟರು. 1997ರಲ್ಲಿ ಎರಡನೆಯದು, 2000ದಲ್ಲಿ ಮೂರನೆಯದು ಬಂತು. ಮೂರೂ ಸೇರಿ ‘ಹಿಸ್ ಡಾರ್ಕ್ ಮೆಟೀರಿಯಲ್ಸ್’. ಈ ಹೆಸರು ಮಿಲ್ಟನ್‌ನ ‘ಪ್ಯಾರಡೈಸ್ ಲಾಸ್ಟ್’ ಕಾವ್ಯದ್ದು. ಮಿಲ್ಟನ್ ಬರೆದದ್ದು ಮನುಷ್ಯನ ಪತನದ ಕತೆ. ಆದಾಮ ಏವಾ ಹಣ್ಣು ತಿಂದು ಸ್ವರ್ಗ ಕಳೆದುಕೊಂಡದ್ದು. ಪುಲ್‌ಮನ್ ಅದನ್ನು ತಲೆಕೆಳಗು ಮಾಡುತ್ತಾರೆ. ಅವರ ಲೆಕ್ಕದಲ್ಲಿ ಹಣ್ಣು ತಿಂದದ್ದು ಪಾಪವಲ್ಲ, ಮನುಷ್ಯ ದೊಡ್ಡವನಾದ ಗಳಿಗೆ.

ಚಿತ್ರದಲ್ಲಿ ಎಲ್ಲರೂ ‘ಡಸ್ಟ್’ (ಧೂಳು) ಎಂದು ಪಿಸುಗುಟ್ಟುತ್ತಾರಲ್ಲ, ಅದೇನೆಂದು ನಿಮ್ಮ ಮಗಳಿಗೆ ಅರ್ಥವಾಯಿತೇ? ಆಗಿರಲಿಕ್ಕಿಲ್ಲ. ಪುಸ್ತಕದಲ್ಲಿ ಕತೆಯ ನಾಯಕಿ ಲೈರಾಳ ಅಪ್ಪ ಲಾರ್ಡ್ ಏಸ್ರಿಯಲ್ ಬೈಬಲ್ ತೆರೆದು ಆದಿಕಾಂಡದ ಮೂರನೆಯ ಅಧ್ಯಾಯವನ್ನು ಅವಳಿಗೆ ಓದಿ ಹೇಳುತ್ತಾನೆ. ನಮಗೆ ಬಾಯಿಪಾಠವಾಗಿರುವ ಅದೇ ಅಧ್ಯಾಯ, ಆದರೆ ಒಂದು ಬದಲಾವಣೆಯೊಂದಿಗೆ: ಹಣ್ಣು ತಿಂದಾಗ ಆದಾಮ ಏವಾರ ಪ್ರಾಣಿರೂಪದ ಆತ್ಮಗಳು (ಲೈರಾಳ ಲೋಕದಲ್ಲಿ ಪ್ರತಿಯೊಬ್ಬರ ಆತ್ಮವೂ ಪ್ರಾಣಿಯಾಗಿ ಜೊತೆಗಿರುತ್ತದೆ) ಒಂದೇ ಆಕಾರಕ್ಕೆ ನೆಲೆನಿಂತವು ಎಂದು ಅಲ್ಲಿ ಬರುತ್ತದೆ. ‘ನೀನು ಮಣ್ಣು, ಮರಳಿ ಮಣ್ಣಿಗೆ ಸೇರುತ್ತೀ’ ಎಂಬ ಮಾತಿನಿಂದಲೇ (ಇಂಗ್ಲಿಷ್ ಬೈಬಲ್ಲಿನಲ್ಲಿ ಇಲ್ಲಿ ಮಣ್ಣಿಗೆ ‘ಡಸ್ಟ್’ ಎಂದಿದೆ) ಆ ಧೂಳಿಗೆ ಹೆಸರು ಬಂದದ್ದು. ಅಲ್ಲಿನ ಧರ್ಮಾಧಿಕಾರಿಗಳ ಪ್ರಕಾರ ಅದೇ ಜನ್ಮಪಾಪ. ಮಕ್ಕಳಿಗೆ ಅದು ಅಂಟದ ಹಾಗೆ ಮಾಡಲು ಅವರು ಮಕ್ಕಳನ್ನು ಕದ್ದು, ಉತ್ತರದ ಹಿಮದಲ್ಲಿ ಗುಟ್ಟಾಗಿ ಕಟ್ಟಿದ ಕೇಂದ್ರವೊಂದರಲ್ಲಿ ಆತ್ಮವನ್ನೇ ಕತ್ತರಿಸಿ ಬೇರೆ ಮಾಡುತ್ತಾರೆ.

ನನಗೆ ಓದುವಾಗ ಹೆಚ್ಚು ಚುಚ್ಚಿದ ಜಾಗ ಇದೇ ಮಾತುಕತೆಯಲ್ಲಿದೆ. ಚರ್ಚು ಇಂಥದ್ದಕ್ಕೆ ಹೇಗೆ ಒಪ್ಪಿತು ಎಂಬ ಪ್ರಶ್ನೆ ಬಂದಾಗ ಏಸ್ರಿಯಲ್, ಹಾಡುವ ಕಂಠ ಒಡೆಯಬಾರದೆಂದು ಹುಡುಗರ ಬೀಜ ತೆಗೆಸುತ್ತಿದ್ದ ಪದ್ಧತಿಯನ್ನು ನೆನಪಿಸುತ್ತಾನೆ. ಇದು ಕಲ್ಪನೆ ಅಲ್ಲ. ಅಂಥ ಗಾಯಕರಲ್ಲಿ ಕೊನೆಯವರೆನ್ನಲಾದ ಅಲೆಸ್ಸಾಂಡ್ರೊ ಮೊರೆಸ್ಕಿ ಸಿಸ್ಟೀನ್ ಚಾಪೆಲ್ಲಿನಲ್ಲೇ ಹಾಡುತ್ತಿದ್ದವರು, ತೀರಿಕೊಂಡದ್ದು 1922ರಲ್ಲಿ. ನಮ್ಮ ಅಜ್ಜಂದಿರ ಕಾಲ. ಇಂಥದ್ದನ್ನು ಓದಿ ಕೋಪ ಬರುತ್ತದೆ, ಆದರೆ ಕೋಪ ಪುಲ್‌ಮನ್ ಮೇಲೇ ಬರಬೇಕೆಂದೇನಿಲ್ಲ.

ಹಾಗೆಂದು ಅವರು ಕ್ಯಾಥೊಲಿಕರನ್ನು ಮಾತ್ರ ಗುರಿ ಮಾಡಿದ್ದಾರೆ ಅನ್ನುವ ಹಾಗೂ ಇಲ್ಲ. ಲೈರಾಳ ಲೋಕದಲ್ಲಿ ಜಾನ್ ಕ್ಯಾಲ್ವಿನ್ ಪೋಪ್ ಆಗಿ ಪೀಠವನ್ನು ಜಿನೀವಾಕ್ಕೆ ಒಯ್ದಿರುತ್ತಾನೆ! ಪ್ರಾಟೆಸ್ಟೆಂಟ್ ಸುಧಾರಣೆಯ ಮುಂದಾಳುವನ್ನೇ ಪೋಪ್ ಮಾಡಿ ಕೂರಿಸಿದ್ದಾರೆ ಅಂದಮೇಲೆ ಇಬ್ಬರಿಗೂ ಸಮಪಾಲು ಬಿದ್ದಿದೆ ಎಂದಾಯಿತು. ಇಷ್ಟಾದರೂ, ಅಧಿಕಾರ ನಡೆಸುವ ಆ ಸಂಸ್ಥೆಗೆ ‘ಮ್ಯಾಜಿಸ್ಟೀರಿಯಂ’ ಎಂದು ಹೆಸರಿಟ್ಟದ್ದರಿಂದ ಏಟು ಯಾರಿಗೆ ಹೆಚ್ಚು ನಾಟಿತು ಎಂದು ಹೇಳಬೇಕಿಲ್ಲ. ನಮ್ಮ ಚರ್ಚಿನ ಬೋಧನಾಧಿಕಾರಕ್ಕೆ ಇರುವ ಹೆಸರೇ ಅದು. ಎರಡನೆಯ ಪುಸ್ತಕದಿಂದ ಮೇರಿ ಮ್ಯಾಲೋನ್ ಎಂಬ ವಿಜ್ಞಾನಿ ಬರುತ್ತಾಳೆ, ಕಾನ್ವೆಂಟ್ ಬಿಟ್ಟು ಬಂದ ಸಿಸ್ಟರ್. ಅವಳು ನಂಬಿಕೆ ಕಳೆದುಕೊಂಡದ್ದನ್ನು ಮೂರನೆಯ ಪುಸ್ತಕದಲ್ಲಿ ಹೇಳುವ ರೀತಿ ಎಷ್ಟು ಮೃದುವಾಗಿದೆಯೆಂದರೆ, ಡಾನಹ್ಯೂ ಹೆದರಬೇಕಾದದ್ದು ಇಡೀ ದೇವದೂತರ ಯುದ್ಧಕ್ಕಲ್ಲ, ಆ ಕೆಲವು ಪುಟಗಳಿಗೆ.

ಇನ್ನು ‘ದೇವರನ್ನು ಕೊಲ್ಲುವ’ ವಿಷಯ. ತನ್ನ ಪುಸ್ತಕಗಳು ದೇವರನ್ನು ಕೊಲ್ಲುವ ಬಗ್ಗೆಯೇ ಇವೆ ಎಂದು ಪುಲ್‌ಮನ್ 2003ರಲ್ಲಿ ಒಂದು ಆಸ್ಟ್ರೇಲಿಯನ್ ಪತ್ರಿಕೆಗೆ ಹೇಳಿದ್ದರು, ಎದುರಾಳಿಗಳಿಗೆ ಅಷ್ಟು ಸಾಕಾಯಿತು. ಆದರೆ ಪುಸ್ತಕದಲ್ಲಿ ಬರುವ ‘ಅಥಾರಿಟಿ’ ಲೋಕ ಸೃಷ್ಟಿಸಿದವನಲ್ಲ. ಮೊದಲು ಹುಟ್ಟಿದ ದೇವದೂತ. ನಾನೇ ಸೃಷ್ಟಿಕರ್ತ ಎಂದು ಆಮೇಲೆ ಬಂದವರಿಗೆ ಸುಳ್ಳು ಹೇಳಿದವನು. ಮಕ್ಕಳಿಗೆ ಸಿಗುವ ಹೊತ್ತಿಗೆ ಅವನು ಗಾಜಿನ ಪಲ್ಲಕ್ಕಿಯೊಳಗೆ ನಡುಗುತ್ತ ಅಳುತ್ತಿರುವ ಹಣ್ಣು ಹಣ್ಣು ಮುದುಕ. ಲೈರಾ ಮತ್ತು ಅವಳ ಗೆಳೆಯ ವಿಲ್ ಅವನು ಯಾರೆಂದೂ ತಿಳಿಯದೆ ಕರುಣೆಯಿಂದ ಹೊರಗೆ ತರುತ್ತಾರೆ, ಗಾಳಿ ತಾಗಿದ್ದೇ ಅವನು ನೆಮ್ಮದಿಯಿಂದ ಕರಗಿ ಹೋಗುತ್ತಾನೆ. ಅದನ್ನು ಕೊಲೆ ಅನ್ನುವುದು ಕಷ್ಟ. ನಾನು ಪ್ರಾರ್ಥಿಸುವ ದೇವರಂತೂ ಅವನಲ್ಲ.

ಹೀಗೆ ಹೇಳುವವಳು ನಾನೊಬ್ಬಳೇ ಅಲ್ಲ. ಆಗಿನ ಕ್ಯಾಂಟರ್ಬರಿ ಆರ್ಚ್‌ಬಿಷಪ್ ರೋವನ್ ವಿಲಿಯಮ್ಸ್, ಅಂದರೆ ಆಂಗ್ಲಿಕನ್ ಸಭೆಯ ಹಿರಿಯ ಧರ್ಮಗುರು, 2004ರಲ್ಲಿ ಲಂಡನ್ನಿನ ನ್ಯಾಷನಲ್ ಥಿಯೇಟರಿನಲ್ಲಿ ಪುಲ್‌ಮನ್ ಜೊತೆ ಒಂದೇ ವೇದಿಕೆಯಲ್ಲಿ ಕೂತು ಈ ಕತೆಯ ಬಗ್ಗೆ ಮಾತಾಡಿದರು. ಶಾಲೆಗಳ ಧರ್ಮಪಾಠದಲ್ಲಿ ಇದನ್ನು ಚರ್ಚಿಸಬೇಕು ಎಂದೂ ಹೇಳಿದ್ದರು. ಅಮೆರಿಕದಲ್ಲಿ ಡಾನಾ ಫ್ರೈಟಸ್ ಎಂಬ ಕ್ಯಾಥೊಲಿಕ್ ವಿದ್ವಾಂಸೆ, ಈ ಕತೆ ದೇವರ ವಿರುದ್ಧ ಅಲ್ಲ, ದೇವರ ಹೆಸರಲ್ಲಿ ದಬ್ಬಾಳಿಕೆ ಮಾಡುವವರ ವಿರುದ್ಧ ಎಂಬರ್ಥದಲ್ಲಿ 2007ರಲ್ಲೇ ಪತ್ರಿಕೆಯಲ್ಲಿ ಬರೆದರು. ಇದನ್ನು ಪೂರ್ತಿ ಒಪ್ಪಲು ನನಗಾಗುವುದಿಲ್ಲ. ಲೇಖಕನೇ ತಾನು ನಾಸ್ತಿಕ ಎಂದು ಎದೆ ತಟ್ಟಿ ಹೇಳುವಾಗ ‘ಇಲ್ಲ ಮಾರಾಯರೇ, ನೀವು ಒಳಗೊಳಗೆ ಭಕ್ತರು’ ಅನ್ನುವುದು ಸ್ವಲ್ಪ ಅತಿಯಾಯಿತು.

ಅಮೆರಿಕದ ಕ್ಯಾಥೊಲಿಕ್ ಬಿಷಪರ ಮಂಡಳಿಯ ಚಿತ್ರವಿಮರ್ಶಾ ವಿಭಾಗದ ಕತೆ ಮಾತ್ರ ಸ್ವಾರಸ್ಯವಾಗಿದೆ. ಅವರ ವಿಮರ್ಶಕರು ಚಿತ್ರ ನೋಡಿ, ಚೆನ್ನಾಗಿದೆ, ಹೆದರುವಂಥದ್ದೇನಿಲ್ಲ, ಬಹಿಷ್ಕಾರದ ಬದಲು ಮಕ್ಕಳ ಜೊತೆ ಕೂತು ಮಾತಾಡಿ ಎಂಬ ಧಾಟಿಯಲ್ಲಿ ಬರೆದರು. ಚಿತ್ರ ಬಿಡುಗಡೆಯಾಗಿ ಕೆಲವೇ ದಿನಕ್ಕೆ ಮಂಡಳಿ ಆ ವಿಮರ್ಶೆಯನ್ನು ಸದ್ದಿಲ್ಲದೆ ಹಿಂತೆಗೆಯಿತು. ಅದೇ ತಿಂಗಳು ವ್ಯಾಟಿಕನ್ನಿನ ಪತ್ರಿಕೆ ‘ಲೊಸ್ಸೆರ್ವತೋರೆ ರೊಮಾನೊ’ ಪುಲ್‌ಮನ್‌ನ ಲೋಕದಲ್ಲಿ ಭರವಸೆಗೇ ಜಾಗವಿಲ್ಲ ಎಂದು ಟೀಕಿಸಿತು. ಕೆನಡಾದ ಒಂಟಾರಿಯೊದಲ್ಲಿ ಹಾಲ್ಟನ್ ಕ್ಯಾಥೊಲಿಕ್ ಶಾಲಾ ಮಂಡಳಿ ನವೆಂಬರಿನಲ್ಲೇ ಪುಸ್ತಕವನ್ನು ಲೈಬ್ರರಿ ಕಪಾಟಿನಿಂದ ತೆಗೆಸಿತ್ತು.

ಇಷ್ಟೆಲ್ಲ ಇರುವ ಕತೆ ತೆರೆಯ ಮೇಲೆ ಯಾಕೆ ಕಾಣಲಿಲ್ಲ? ತೆಗೆದಿದ್ದರು, ಅದಕ್ಕೇ. ನಿರ್ಮಿಸಿದ್ದು ನ್ಯೂ ಲೈನ್, ‘ಲಾರ್ಡ್ ಆಫ್ ದಿ ರಿಂಗ್ಸ್’ ಮಾಡಿ ಗೆದ್ದಿದ್ದ ಅದೇ ಸ್ಟುಡಿಯೊ. 18 ಕೋಟಿ ಡಾಲರ್ ಸುರಿದಿದ್ದರು. ಎರಡೇ ವರ್ಷದ ಹಿಂದೆ, 2005ರಲ್ಲಿ, ಕ್ರೈಸ್ತ ನಂಬಿಕೆಯ ನೆರಳಿರುವ ಮಕ್ಕಳ ಕತೆ ‘ನಾರ್ನಿಯಾ’ದ ಚಿತ್ರಕ್ಕೆ ಅಮೆರಿಕದ ಚರ್ಚುಗಳು ಇಡೀ ಥಿಯೇಟರುಗಳನ್ನೇ ಬುಕ್ ಮಾಡಿ ಜನರನ್ನು ಕರೆದೊಯ್ದಿದ್ದವು. ಆ ಪ್ರೇಕ್ಷಕರನ್ನು ಎದುರು ಹಾಕಿಕೊಳ್ಳಲು ಯಾರಿಗೆ ಧೈರ್ಯ? ನಿರ್ದೇಶಕ ಕ್ರಿಸ್ ವೈಟ್ಸ್ 2004ರಲ್ಲೇ, ಅಥಾರಿಟಿಯನ್ನು ಧರ್ಮವೆಂದು ತೋರಿಸದೆ ಯಾವುದೇ ದಬ್ಬಾಳಿಕೆಯ ಆಡಳಿತದ ಹಾಗೆ ತೋರಿಸಬಹುದು ಎಂದು ಸುಳಿವು ಕೊಟ್ಟಿದ್ದರು. ನಟಿ ನಿಕೋಲ್ ಕಿಡ್‌ಮನ್, ತಾನು ಕ್ಯಾಥೊಲಿಕಳಾಗಿ ಬೆಳೆದವಳು, ಚಿತ್ರ ಕ್ಯಾಥೊಲಿಕ್ ವಿರೋಧಿ ಆಗಿದ್ದರೆ ಒಪ್ಪುತ್ತಿರಲಿಲ್ಲ ಎಂದರು. ಪುಸ್ತಕದ ಕೊನೆಯ ಅಧ್ಯಾಯಗಳನ್ನು ಚಿತ್ರೀಕರಿಸಿದ್ದರೂ ಕತ್ತರಿಸಿದರು. ಲೈರಾ ಬಲೂನಿನಲ್ಲಿ ಹಾರುತ್ತಿರುವಾಗಲೇ ಚಿತ್ರ ಮುಗಿಯುತ್ತದೆ. ಆದಿಕಾಂಡದ ಮಾತುಕತೆ ಇದ್ದದ್ದು ಆ ಅಧ್ಯಾಯಗಳಲ್ಲೇ.

ಆಮೇಲೆ ಆದದ್ದು: ಮೀನಿನ ಸಾರಿನಿಂದ ಮೀನು ತೆಗೆದು ಬಡಿಸಿದರೆ ತಿನ್ನುವವರಿಗೆ ರುಚಿ ಇಲ್ಲ, ತಿನ್ನದವರು ವಾಸನೆಗೇ ಎದ್ದು ಹೋಗುತ್ತಾರೆ. ಲೀಗ್ ಬಹಿಷ್ಕಾರ ಬಿಡಲಿಲ್ಲ. ಆ ಕಡೆ ಬ್ರಿಟನ್ನಿನ ನ್ಯಾಷನಲ್ ಸೆಕ್ಯುಲರ್ ಸೊಸೈಟಿ ಕತೆಯ ಜೀವವನ್ನೇ ತೆಗೆದಿದ್ದಾರೆ ಎಂದು ಸಿಡಿಮಿಡಿಗೊಂಡಿತು. ಅಮೆರಿಕದಲ್ಲಿ ಗಳಿಕೆ ಸುಮಾರು 7 ಕೋಟಿ ಡಾಲರಿಗೆ ನಿಂತಿತು. ಬಹಿಷ್ಕಾರ ಗೆದ್ದಿತು ಎಂದು ಲೀಗ್ ಹೇಳಿಕೊಂಡರೂ ನನಗೆ ಪೂರ್ತಿ ನಂಬಿಕೆ ಇಲ್ಲ. ಕೊನೆಯೇ ಇಲ್ಲದ ಚಿತ್ರವನ್ನು ಮಕ್ಕಳು ಎರಡನೆಯ ಸಲ ನೋಡಲು ಯಾಕೆ ಹೋಗುತ್ತಾರೆ? ಅಮೆರಿಕದ ಹೊರಗೆ ಅದೇ ಚಿತ್ರ ಸುಮಾರು 30 ಕೋಟಿ ಡಾಲರ್ ಮಾಡಿತು, ಆದರೆ ಹೊರದೇಶಗಳ ಹಕ್ಕನ್ನು ನ್ಯೂ ಲೈನ್ ಮೊದಲೇ ಮಾರಿಕೊಂಡಿತ್ತು. 2008ರ ಫೆಬ್ರವರಿಯಲ್ಲಿ ವಿಷುಯಲ್ ಎಫೆಕ್ಟ್ಸ್‌ಗೆ ಆಸ್ಕರ್ ಬಂತು, ಅದಾದ ಕೆಲವೇ ದಿನಕ್ಕೆ ಸ್ಟುಡಿಯೊವನ್ನು ವಾರ್ನರ್ ಬ್ರದರ್ಸ್ ಒಳಗೆ ಸೇರಿಸಿಬಿಡುವ ಸುದ್ದಿ ಬಂತು. ಎರಡನೆಯ ಭಾಗ ಬರಲೇ ಇಲ್ಲ.

ಬಿಬಿಸಿ ಮತ್ತು ಎಚ್‌ಬಿಓ 2019ರಿಂದ 2022ರ ತನಕ ಮೂರೂ ಪುಸ್ತಕಗಳನ್ನು ಧಾರಾವಾಹಿ ಮಾಡಿದವು, ಪಲ್ಲಕ್ಕಿಯ ಮುದುಕನನ್ನೂ ಬಿಡದೆ. ಆಗ 2007ರ ಹಾಗೆ ಬೊಬ್ಬೆ ಏಳಲಿಲ್ಲ.

ಈಗ ನಿಮ್ಮ ಮಗಳ ಪುಸ್ತಕ. ಹತ್ತು ವರ್ಷಕ್ಕೆ ಮೊದಲನೆಯದು ಕೊಡಿಸಿ, ಇಂಗ್ಲಿಷ್ ಸಲೀಸಾಗಿ ಓದುತ್ತಾಳಾದರೆ. ಆದರೆ ನಂಬಿಕೆಯ ವಿಷಯಕ್ಕಿಂತ ಮೊದಲು ಇನ್ನೊಂದಕ್ಕೆ ತಯಾರಾಗಿರಿ: ಚಿತ್ರದಲ್ಲಿ ಬದುಕುಳಿಯುವ ಲೈರಾಳ ಗೆಳೆಯ ರೋಜರ್ ಪುಸ್ತಕದ ಕೊನೆಯಲ್ಲಿ ಸಾಯುತ್ತಾನೆ, ಅದೂ ಲೈರಾಳ ಸ್ವಂತ ಅಪ್ಪನ ಕೈಯಿಂದ. ಅವಳು ಅತ್ತರೆ ಅದಕ್ಕಾಗಿ ಅಳುತ್ತಾಳೆ, ಜನ್ಮಪಾಪದ ತರ್ಕಕ್ಕಲ್ಲ. ಆದಿಕಾಂಡದ ಪುಟ ಬಂದಾಗ ನಿಮ್ಮ ಮನೆಯ ಬೈಬಲ್ ತೆಗೆದು ಮೂರನೆಯ ಅಧ್ಯಾಯವನ್ನು ಪಕ್ಕದಲ್ಲಿಟ್ಟು ಓದಿಸಿ. ಏನು ಬದಲಾಯಿಸಿದ್ದಾರೆ ಎಂದು ಅವಳೇ ಹುಡುಕಲಿ. ಮಕ್ಕಳಿಗೆ ಇಂಥ ಪತ್ತೇದಾರಿ ಕೆಲಸ ಖುಷಿ. ನೀವು ಚರ್ಚಿನ ಫಾದರಲ್ಲಿ ಕೇಳಬೇಕೆಂದಿದ್ದರೆ ವಾಟ್ಸಾಪ್ ಸಂದೇಶದ ಬದಲು ಪುಸ್ತಕವನ್ನೇ ಅವರ ಕೈಗೆ ಕೊಡಿ.

ಎರಡನೆಯದು ಹನ್ನೆರಡರ ಹೊತ್ತಿಗೆ ಸಾಕು. ಮೂರನೆಯದಕ್ಕೆ ಅವಸರ ಬೇಡ: ಅದು ದಪ್ಪ, ಸತ್ತವರ ಲೋಕದ ಅಧ್ಯಾಯಗಳು ಕಠಿಣ, ಹರೆಯದ ಪ್ರೀತಿಯೂ ಅದರಲ್ಲಿದೆ. ಅಷ್ಟರಲ್ಲಿ ಅದನ್ನು ನೀವು ಓದಿ ಮುಗಿಸಿರಿ, ಇಲ್ಲದಿದ್ದರೆ ಅವಳು ಮೇರಿ ಮ್ಯಾಲೋನ್ ಬಗ್ಗೆ ಕೇಳಿದಾಗ ಉತ್ತರಿಸಲು ಕಷ್ಟವಾಗುತ್ತದೆ.